ಕಪಾಟಿನ ಗೇಜ್

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಡುಕರೆ ಕೆಮಿಕಲ್ಸ್‌ನಲ್ಲಿ ವರ್ಷಕ್ಕೊಂದು ದಿನ ಎಲ್ಲವೂ ಸರಿಯಿರುತ್ತಿತ್ತು. ಅವತ್ತು ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಎಲ್ಲರ ಕೈಗೂ ಗ್ಲವ್ಸ್, ಫಸ್ಟ್ ಏಡ್ ಪೆಟ್ಟಿಗೆಯೊಳಗೆ ನಿಜವಾದ ಔಷಧ! ಮರುದಿನ ಹೆಲ್ಮೆಟ್ಟುಗಳು ಗೋಣಿಚೀಲ ಸೇರುತ್ತಿದ್ದವು, ಗ್ಲವ್ಸ್ ಮತ್ತೆ ಡಬ್ಬಕ್ಕೆ ಹೋಗುತ್ತಿದ್ದವು. ಇದನ್ನು ಮೋಸವೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ. ಯಾಕೆ ಎಣಿಸುತ್ತಾರೆ ಹೇಳಿ? ಅವರಲ್ಲಿ ಅರ್ಧಕ್ಕರ್ಧ ಹೋಟೆಲಿನಿಂದ ಬಂದ ಮಂದಿ.

ಧಣಿ ಶೈಲೇಶರ ಅಪ್ಪ ಉಡುಪಿ ಕಡೆಯಿಂದ ಬಂದು ಡೊಂಬಿವಲಿ ಸ್ಟೇಷನ್ ಎದುರು ಮೂವತ್ತು ವರ್ಷ ಹೋಟೆಲ್ ಪಡುಕರೆ ನಡೆಸಿದವರು. ಇನ್‌ಸ್ಪೆಕ್ಟರ್ ಬರುತ್ತಾನೆಂಬ ಸುದ್ದಿ ಬಂದರೆ ಸಾಕು, ಅಡುಗೆಯವರ ತಲೆಗೆ ಬಿಳಿ ಟೊಪ್ಪಿ ಏರುತ್ತಿತ್ತು, ಶೋಕೇಸಿನ ಹೊಸ ತಟ್ಟೆಗಳು ಕೆಳಗಿಳಿಯುತ್ತಿದ್ದವು. ಅವನು ಕಾಫಿ ಕುಡಿದು ಹೋದ ಮೇಲೆ ತಟ್ಟೆ ಮತ್ತೆ ಶೋಕೇಸಿಗೆ. ಒಳ್ಳೆಯ ಸಾಮಾನು ದಿನಾ ಬಳಸಿದರೆ ಹಾಳಾಗುವುದಿಲ್ಲವೇ! ಹೋಟೆಲ್ ಮುಚ್ಚಿ ಮಗ ಬಣ್ಣಕ್ಕೆ ಬೇಕಾದ ರಾಸಾಯನಿಕದ ಕಾರ್ಖಾನೆ ಹಾಕಿದಾಗ ಕೆಲಸದವರಲ್ಲಿ ಅರ್ಧ ಜನ ಅಲ್ಲಿಂದಲೇ ಬಂದರು. ಅವರೊಂದಿಗೆ ಈ ಅಭ್ಯಾಸವೂ ಬಂತು.

ಆದರೆ ಕಪಾಟಿನ ಗೇಜು ಮಾತ್ರ ಹೋಟೆಲಿನವರ ಬುದ್ಧಿಯಲ್ಲ, ಜಯಲತಾಳದು. ಅವಳು ನೆರೂಳಿನಲ್ಲಿ ಬಿ.ಎಸ್ಸಿ. ಮಾಡಿದ ಹುಡುಗಿ, ಕಾರ್ಖಾನೆಯ ಕ್ವಾಲಿಟಿ ಇನ್‌ಚಾರ್ಜ್. ಗೋಡೆಯ ಮೇಲೆ ಚೌಕಟ್ಟು ಹಾಕಿ ನೇತುಹಾಕಿದ ಐಎಸ್‌ಒ ಸರ್ಟಿಫಿಕೇಟ್ ಇದೆಯಲ್ಲ, ಅದನ್ನು ತಂದವಳೂ ಅವಳೇ, ಉಳಿಸಿಕೊಳ್ಳಬೇಕಾದವಳೂ ಅವಳೇ. ಕಾಗದದಲ್ಲಿ ಮೂರು ವರ್ಷ ಎಂದು ಬರೆದಿದ್ದರೂ ವರ್ಷಕ್ಕೊಮ್ಮೆ ಹೊರಗಿನ ಆಡಿಟರ್ ಬಂದು, ಇವರು ಬರೆದಂತೆಯೇ ನಡೆಯುತ್ತಿದ್ದಾರೆ ಎಂದು ಒಪ್ಪಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಒಪ್ಪದಿದ್ದರೆ ಜರ್ಮನಿಯ ಗಿರಾಕಿ ಡ್ರಮ್ಮುಗಳನ್ನು ವಾಪಸ್ ಕಳಿಸುತ್ತಾನೆ, ಅರುವತ್ತು ಜನ ಮನೆಗೆ ಹೋಗುತ್ತಾರೆ. ಮೂರು ವರ್ಷದ ಹಿಂದೆ ರಾಸಾಯನಿಕ ಕಾಯಿಸುವ ರಿಯಾಕ್ಟರಿನ ಸ್ಟೀಮ್ ಒತ್ತಡ ತೋರಿಸುವ ಹೊಸ ಗೇಜ್ ಬಂದಾಗ, "ಇದನ್ನು ದಿನಾ ಹಾಕಿದ್ರೆ ಆವಿಗೆ ಹಾಳಾಗ್ತದೆ. ಕಪಾಟಿನಲ್ಲಿ ಇಡುವ, ಆಡಿಟ್ ದಿನ ಮಾತ್ರ ಹಾಕುವ" ಎಂದಿದ್ದಳು. ಶೈಲೇಶಣ್ಣ ಎಲ್ಲರೆದುರು ಅವಳ ಬೆನ್ನು ತಟ್ಟಿದ್ದರು. ಅಂದಿನಿಂದ ಅದು ವರ್ಷಕ್ಕೊಮ್ಮೆ ಲ್ಯಾಬಿಗೆ ಹೋಗಿ, ತಪಾಸಣೆಯ ಹಸಿರು ಸ್ಟಿಕ್ಕರ್ ಅಂಟಿಸಿಕೊಂಡು ಬಂದು ಕಪಾಟು ಸೇರುತ್ತಿತ್ತು. ರಿಯಾಕ್ಟರಿನ ಮೇಲೆ ಹಳೆಯ ಗೇಜೇ ದುಡಿಯುತ್ತಿತ್ತು.

ಆ ರಿಯಾಕ್ಟರಿನ ಮುಂದೆ ನಿಲ್ಲುತ್ತಿದ್ದವನು ಮುಂಡಪ್ಪ. ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಇಡ್ಲಿ ಬಾಯ್ಲರ್ ನೋಡಿಕೊಂಡವನು, ಇಲ್ಲಿ ಹನ್ನೊಂದು ವರ್ಷದಿಂದ ಸ್ಟೀಮ್ ನೋಡುತ್ತಿದ್ದ. ಜಯಲತಾಳ ಅಪ್ಪ ಅದೇ ಹೋಟೆಲಿನಲ್ಲಿ ಕ್ಯಾಷಿಯರ್. ಶನಿವಾರ ಶಾಲೆ ಬಿಟ್ಟು ಓಡಿಬರುತ್ತಿದ್ದ ಹುಡುಗಿಗೆ ಮೊದಲ ಒಬ್ಬೆಯ ಇಡ್ಲಿ ತೆಗೆದಿಡುತ್ತಿದ್ದವನು ಈ ಮುಂಡಪ್ಪನೇ. "ಕ್ಯಾಷಿಯರ್ ಮಗಳು ಕೆಮಿಸ್ಟ್ರಿ ಓದಿದ್ದಾಳೆ ಧಣಿ, ಹೊರಗಿನವರು ಯಾಕೆ?" ಎಂದು ಈ ಕೆಲಸ ಕೊಡಿಸಿದವನೂ ಅವನೇ. ಪುಸ್ತಕದಲ್ಲಿ ಒಂಬತ್ತು ಗಂಟೆ ಎಂದಿದ್ದ ಬ್ಯಾಚನ್ನು ಮುಂಡಪ್ಪ ಆರೇ ಗಂಟೆಯಲ್ಲಿ ಇಳಿಸುತ್ತಿದ್ದ. ಎಲ್ಲರೂ ಅದನ್ನು ಅವನ ಕೈಗುಣ ಎನ್ನುತ್ತಿದ್ದರು. ಕೆಮಿಸ್ಟ್ರಿ ಓದಿದ ಜಯಲತಾಳೂ ಹಾಗೇ ಅಂದುಕೊಂಡಳಲ್ಲ, ಅದಕ್ಕೇನು ಹೇಳುವುದು!

ಹಿಂದಿನ ಎರಡು ಆಡಿಟ್‌ಗಳಲ್ಲಿ ರಿಯಾಕ್ಟರನ್ನು ತೊಳೆಯುವ ನೆಪ ಹೇಳಿ ತಣ್ಣಗೆ ಇಟ್ಟಿದ್ದರು. ಒಳ್ಳೆಯ ಗೇಜಿನ ಮುಳ್ಳು ಸೊನ್ನೆಯ ಮೇಲೆ ಕೂತು ಸಭ್ಯವಾಗಿ ಫೋಟೊ ತೆಗೆಸಿಕೊಂಡಿತ್ತು. ಈ ಸಲ ಹಾಗೆ ಮಾಡುವಂತಿರಲಿಲ್ಲ. ಶನಿವಾರ ಮಾಲು ಬಂದರಿಗೆ ಹೊರಡಬೇಕಿತ್ತು, ಆಡಿಟ್ ಬಂದದ್ದು ಗುರುವಾರ. ಬೆಳಿಗ್ಗೆ ಸ್ಟೀಮ್ ಬಿಡುವ ಮೊದಲೇ ಮುಂಡಪ್ಪ ಹಳೆಯ ಗೇಜ್ ಬಿಚ್ಚಿ, ಕಪಾಟಿನದನ್ನು ಕೂರಿಸಿ, ಹೆಗಲ ಮೇಲಿನ ಕೆಂಪಂಚಿನ ಬೈರಾಸಿನಿಂದ ಅದರ ಗಾಜು ಒರೆಸಿದ.

"ಮದುಮಗನ ಹಾಗೆ ಕಾಣ್ತದೆ ನೋಡು ಮಗಾ," ಎಂದು ಜಯಲತಾಳನ್ನು ನೋಡಿ ನಕ್ಕ.

ಆಡಿಟರ್ ದಿಲೀಪ ಸರ್ ಘೋಡಬಂದರ್ ರಸ್ತೆಯಿಂದ ಹತ್ತು ಗಂಟೆಗೆ ಬಂದರು. ಸಾಧು ಮನುಷ್ಯ, ಕೆಟ್ಟವರಲ್ಲ. ಆದರೆ ಒಂದೇ ದಿನದಲ್ಲಿ ಇಡೀ ಕಾರ್ಖಾನೆ ನೋಡಿ ಮುಗಿಸಬೇಕು, ಸಂಜೆ ಟ್ರಾಫಿಕ್ಕಿಗೆ ಮೊದಲು ಹೊರಡಬೇಕು. ಫೈಲು ನೋಡಿದರು, ತರಬೇತಿಯ ಪಟ್ಟಿ ನೋಡಿದರು, ದೂರುಗಳ ರಿಜಿಸ್ಟರ್ ನೋಡಿದರು. ಹನ್ನೆರಡರ ಹೊತ್ತಿಗೆ ರಿಯಾಕ್ಟರಿನ ಬಳಿ ಬಂದಾಗ ಅಲ್ಲಿನ ಸೆಕೆಗೆ ಅವರ ಕನ್ನಡಕ ಮಂಜಾಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗೇಜಿನ ಕೆಳಗೆ ಬಗ್ಗಿ, ಸ್ಟಿಕ್ಕರಿಗೆ ಮೂಗು ತಾಗುವಷ್ಟು ಹತ್ತಿರದಿಂದ ನಂಬರು ಓದಿ ಬರೆದುಕೊಂಡರು.

"ಮಾರ್ಚ್‌ವರೆಗೆ ವ್ಯಾಲಿಡ್. ಬಹುತ್ ಅಚ್ಛಾ. ಲಿಮಿಟ್ ಕಿತನಾ ಹೈ?"

"ಒತ್ತಡ ಐದು ಕೆ.ಜಿ. ದಾಟಬಾರದು ಸರ್. ಆರಕ್ಕೆ ಸೇಫ್ಟಿ ವಾಲ್ವ್ ತಾನಾಗಿ ತೆರೆದುಕೊಳ್ಳುತ್ತದೆ," ಎಂದಳು ಜಯಲತಾ.

"ಈಗ ಎಷ್ಟಿದೆ?" ಎಂದು ಅವರು ಹಿಂದಿಯಲ್ಲಿ ಮುಂಡಪ್ಪನನ್ನು ಕೇಳಿದರು.

ಮುಂಡಪ್ಪ ಗೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಎಂದಿನಂತೆ ಸ್ಟೀಮ್ ವಾಲ್ವನ್ನು ಮೂರೂವರೆ ಸುತ್ತು ತಿರುಗಿಸಿದ್ದ, ಪೈಪಿನ ಸದ್ದು ಎಂದಿನಂತೆಯೇ ಇತ್ತು. ಎದೆಯುಬ್ಬಿಸಿ, "ಚಾರ್ ಕೆ.ಜಿ. ಸಾಬ್. ಗ್ಯಾರಾ ಸಾಲ್ ಸೇ ಚಾರ್," ಎಂದ.

ದಿಲೀಪ ಸರ್ ನಾಲ್ಕು ಎಂದು ಬರೆದುಕೊಂಡರು. ಜಯಲತಾ ತಲೆಯೆತ್ತಿ ನೋಡಿದಳು. ಮುಳ್ಳು ಏಳರ ಮೇಲಿತ್ತು.

ಏಳು! ಲ್ಯಾಬು ನೋಡಿ ಸೀಲು ಹಾಕಿ ಕೊಟ್ಟ ಗೇಜು ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿದ್ದದ್ದು ಹಳೆಯದು. ಅದೂ ಎಷ್ಟು ಕಾಲದಿಂದ? ಆರೇ ಗಂಟೆಯಲ್ಲಿ ಬ್ಯಾಚ್ ಇಳಿಯುತ್ತಿದ್ದದ್ದು ಕೈಗುಣದಿಂದಲ್ಲ, ಒತ್ತಡದಿಂದ. ಬಾಯಿ ತೆರೆದಳು. ಅಷ್ಟರಲ್ಲಿ ದಿಲೀಪ ಸರ್ ಕನ್ನಡಕ ಒರೆಸಿಕೊಳ್ಳುತ್ತ, "ಚಲಾ, ಈಗ ಗೋಡೌನ್ ನೋಡೋಣ," ಎಂದು ಹೊರಗೆ ನಡೆದಿದ್ದರು. ಜಯಲತಾ ತೆರೆದ ಬಾಯಿ ಮುಚ್ಚಿ ಅವರ ಹಿಂದೆ ಹೋದಳು.

ಗೋಡೌನಿನಲ್ಲಿ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಏನು ಹೇಳಿದಳೆಂದು ಅವಳಿಗೇ ನೆನಪಿಲ್ಲ. ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಪ್ರಶ್ನೆ. ಒತ್ತಡ ಏಳಿದ್ದರೆ ಆರಕ್ಕೆ ತೆರೆಯಬೇಕಾದ ಸೇಫ್ಟಿ ವಾಲ್ವ್ ಯಾಕೆ ತೆರೆಯಲಿಲ್ಲ?

ಆಡಿಟರಿಗೆ ಊಟ ಬಡಿಸಿದ ಕೂಡಲೇ ರಿಯಾಕ್ಟರಿಗೆ ಓಡಿ ಕಬ್ಬಿಣದ ಏಣಿ ಹತ್ತಿದಳು. ಮೇಲಿನ ಸೇಫ್ಟಿ ವಾಲ್ವ್ ಹಳೇ ಕಾಲದ್ದು, ಉದ್ದನೆಯ ಸನ್ನೆಕೋಲಿನ ತುದಿಗೆ ಗುಂಡು ಕಟ್ಟಿದ್ದು. ಆ ಗುಂಡಿನ ಪಕ್ಕದಲ್ಲಿ ಏನೋ ಒಂದು ಗೋಣಿಬಟ್ಟೆಯಲ್ಲಿ ಸುತ್ತಿಕೊಂಡು ನೇತಾಡುತ್ತಿತ್ತು. ಬಟ್ಟೆ ಸರಿಸಿದರೆ ತಕ್ಕಡಿಯ ಐದು ಕಿಲೋ ತೂಕದ ಕಲ್ಲು. ಮೇಲೆ ಹೋಟೆಲ್ ಪಡುಕರೆಯ ಹೆಸರು ಕೊರೆದಿತ್ತು. ಅವಳು ಏಣಿಯಿಂದಲೇ ಕೆಳಗೆ ಬಗ್ಗಿ ಕೂಗಿದಳು.

"ಮುಂಡಪ್ಪಣ್ಣ, ಇದನ್ನು ಯಾರು ಕಟ್ಟಿದ್ದು?"

"ನಾನೇ. ಎರಡು ವರ್ಷ ಆಯ್ತಲ್ಲ," ಎಂದ ಅವನು ಕೆಳಗಿನಿಂದ. "ಆ ವಾಲ್ವಿಗೆ ಮಂಡೆ ಸರಿ ಇಲ್ಲ. ಗೇಜು ನಾಲ್ಕು ಮುಟ್ಟುವ ಮೊದಲೇ ಬುಸ್ ಅಂತ ಉಗುಳ್ತಿತ್ತು. ಬ್ಯಾಚ್ ಆಗ್ಬೇಕಲ್ಲ ಮಾರಾಯ್ತಿ! ಇಡ್ಲಿ ಬೇಯಿಸುವ ಅಟ್ಟದ ಮುಚ್ಚಳ ಹಾರಿದ್ರೆ ನಾವು ಮೇಲೆ ಕಲ್ಲು ಇಡ್ತಿರ್ಲಿಲ್ವಾ? ಹಾಗೆಯೇ ಇದು."

ವಾಲ್ವಿನ ಮಂಡೆ ಸರಿಯಾಗಿಯೇ ಇತ್ತು. ಇಡೀ ಕಾರ್ಖಾನೆಯಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ. ಸುಳ್ಳು ಗೇಜನ್ನು ನಂಬಿ ಮುಂಡಪ್ಪ ಅದರ ಬಾಯಿ ಕಟ್ಟಿಹಾಕಿದ್ದ. ಸುಳ್ಳು ಗೇಜು ಎರಡು ವರ್ಷ ಅವನ ಕಣ್ಣೆದುರು ಇದ್ದದ್ದು ಯಾರಿಂದ? ಜಯಲತಾಳಿಗೆ ಅಳು ಬಂತು, ಸಿಟ್ಟೂ ಬಂತು.

"ಮುಂಡಪ್ಪಣ್ಣ, ಇದು ಇಡ್ಲಿ ಅಟ್ಟ ಅಲ್ಲ! ಒಡೆದ್ರೆ ನೀವು ಉಳಿಯುದಿಲ್ಲ. ಈಗ ಸ್ಟೀಮ್ ಇಳಿಸಿ. ಈ ಹೊಸ ಗೇಜು ನಾಲ್ಕು ತೋರಿಸುವಷ್ಟು ಮಾತ್ರ ಇರ್ಲಿ."

"ಅದು ಹೆಚ್ಚು ತೋರಿಸ್ತದೆ ಮಗಾ. ಕಪಾಟಿನಲ್ಲಿ ಕೂತು ಕೂತು ಕೆಟ್ಟಿರ್ಬೇಕು. ಹಳೆಯದು ದಿನಾ ಕೆಲಸ ಮಾಡುವಂಥದ್ದು, ಅದಕ್ಕೆ ಗೊತ್ತುಂಟು."

"ನನ್ನ ಮೇಲೆ ಆಣೆ, ಇಳಿಸಿ."

ಆಣೆಗೆ ಅವನು ಸೋತ. ಗೊಣಗುತ್ತಲೇ ಸ್ಟೀಮ್ ವಾಲ್ವ್ ತಿರುಗಿಸಿದ. ಮುಳ್ಳು ಏಳರಿಂದ ಆರಕ್ಕೆ, ಐದಕ್ಕೆ, ಕೊನೆಗೆ ನಾಲ್ಕಕ್ಕೆ ಇಳಿಯಿತು. ಆಮೇಲೆ ಜಯಲತಾ ಕಲ್ಲನ್ನು ಬಿಚ್ಚಿ, ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ತಂದು ತನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಸೇಫ್ಟಿ ವಾಲ್ವ್ ಸದ್ದು ಮಾಡಲಿಲ್ಲ. ಒತ್ತಡ ಸರಿಯಿದ್ದರೆ ಅದಕ್ಕೆ ಸದ್ದು ಮಾಡುವ ಕೆಲಸವಿರಲಿಲ್ಲ.

ಶೈಲೇಶಣ್ಣನನ್ನು ಪ್ಯಾಂಟ್ರಿಯ ಮೂಲೆಗೆ ಕರೆದು ಎಲ್ಲ ಹೇಳಿದಳು. ಅವರೂ ಹೆದರಿದರು. ಕಟುಕರೇನಲ್ಲ. ಒಂದು ಗ್ಲಾಸು ನೀರು ಕುಡಿದು, "ಈಗ ಇಳಿಸಿದ್ದೀಯಲ್ಲ? ಕಲ್ಲು ತೆಗೆದದ್ದು ಹೌದಲ್ಲ? ಹಾಗಾದ್ರೆ ಆಯ್ತು ಮಾರಾಯ್ತಿ," ಎಂದರು. "ಸೋಮವಾರ ಇನ್ನೊಂದು ಗೇಜ್ ತರಿಸುವ. ಆದ್ರೆ ಆಡಿಟರ್ ಎದುರು ಚಕಾರ ಎತ್ಬೇಡ. ಅವರು ಬರೆದ್ರೆ ಸರ್ಟಿಫಿಕೇಟ್ ಹೋಗ್ತದೆ. ಶನಿವಾರದ ಮಾಲು ಹೋಗ್ಲಿ, ಆಮೇಲೆ ನೀನು ಹೇಳಿದ ಹಾಗೆಯೇ."

"ಒಳ್ಳೆ ಗೇಜನ್ನು ತೆಗಿಬೇಡಿ ಅಣ್ಣ. ಅಲ್ಲೇ ಇರ್ಲಿ."

"ಆಯ್ತು, ಆಯ್ತು. ನೀನು ಊಟ ಮಾಡು."

ನಾಲ್ಕು ಗಂಟೆಗೆ ಕೊನೆಯ ಮೀಟಿಂಗು. ಗೋಡಂಬಿಯ ತಟ್ಟೆ, ಎಳನೀರು, ಶೈಲೇಶಣ್ಣನ ನಗುಮುಖ. ದಿಲೀಪ ಸರ್ ಕಾಗದ ಓದಿದರು. ಒಂದೂ ದೋಷವಿಲ್ಲ. ಗೇಜಿನ ನಿರ್ವಹಣೆ ಬೇರೆಯವರಿಗೆ ಮಾದರಿ ಎಂದೂ ಒಂದು ಸಾಲು ಸೇರಿಸಿದ್ದರು. ಸಹಿ ಹಾಕುವ ಮೊದಲು ಪೆನ್ನು ಎತ್ತಿ ಹಿಡಿದು, "ನಿಮ್ಮ ಕಡೆಯಿಂದ ಏನಾದರೂ ಹೇಳುವುದಿದೆಯಾ, ಜಯಲತಾ ಮ್ಯಾಡಮ್?" ಎಂದು ಕೇಳಿದರು. ಪದ್ಧತಿ, ಎಲ್ಲ ಕಡೆಯಲ್ಲೂ ಕೇಳುತ್ತಾರೆ.

ಹೇಳಬಹುದಿತ್ತು. ಒಂದೇ ಒಂದು ಮಾತು ಸಾಕಿತ್ತು. ಶೈಲೇಶಣ್ಣ ಗೋಡಂಬಿ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಅವಳಿಗೆ ಗೋಡೆಯ ಮೇಲಿನ ಚೌಕಟ್ಟು ಕಾಣಿಸಿತು, ಕಲ್ಲು ಡ್ರಾಯರಿನಲ್ಲಿದೆ ಎಂಬುದು ನೆನಪಾಯಿತು. ಅಪಾಯ ದಾಟಿತಲ್ಲ, ಇನ್ನು ಯಾಕೆ ಎಲ್ಲರ ಅನ್ನಕ್ಕೆ ಕಲ್ಲು ಹಾಕುವುದು ಎಂದುಕೊಂಡಳು.

"ಇಲ್ಲ ಸರ್," ಎಂದಳು.

ಶುಕ್ರವಾರ ಬೆಳಿಗ್ಗೆ ನೆರೂಳಿನ ಮನೆಯಿಂದ ಠಾಣೆಗೆ ಬಂದು, ಅಲ್ಲಿ ಡೊಂಬಿವಲಿಯ ಗಾಡಿ ಹತ್ತಿದಳು. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಲೇಡೀಸ್ ಡಬ್ಬದಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಹಾಗೆ ಸಿಗುವುದೇ ಅಪರೂಪ. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಕಳವಾ ದಾಟಿದ ಮೇಲೆ ತಡೆಯಲಾರದೆ ಮುಂಡಪ್ಪನಿಗೆ ಫೋನ್ ಮಾಡಿದಳು.

"ಮುಂಡಪ್ಪಣ್ಣ, ಒಳ್ಳೆ ಗೇಜ್ ಅಲ್ಲೇ ಉಂಟಲ್ಲ?"

"ಇಲ್ಲ ಮಗಾ. ಆಡಿಟ್ ಮುಗೀತಲ್ಲ, ಬಿಚ್ಚಿ ಕಪಾಟಿನಲ್ಲಿ ಇಟ್ಟೆ. ಧಣಿಗಳೂ ಇಡು ಅಂದ್ರು. ಗಾಜಿಗೆ ಗೀರು ಬೀಳದ ಹಾಗೆ ನನ್ನ ಬೈರಾಸು ಸುತ್ತಿ ಇಟ್ಟಿದ್ದೇನೆ." ಅವನ ದನಿಯಲ್ಲಿ ಹೊಗಳಿಕೆ ಕಾಯುವವನ ಸಂತೋಷವಿತ್ತು. "ನಿನ್ನೆ ನೀನು ಇಳಿಸ್ಲಿಕ್ಕೆ ಹೇಳಿದ್ದಕ್ಕೆ ಬ್ಯಾಚ್ ಆಗ್ಲೇ ಇಲ್ಲ ನೋಡು. ಶನಿವಾರ ಗಾಡಿ ಹೊರಡ್ಬೇಕಲ್ಲ? ಅದಕ್ಕೆ ಇವತ್ತು ಅರ್ಧ ಸುತ್ತು ಜಾಸ್ತಿ ಬಿಟ್ಟಿದ್ದೇನೆ. ಹಳೆಯದು ನಾಲ್ಕೂವರೆ ತೋರಿಸ್ತದೆ, ಹೆದರ್ಬೇಡ."

ಹಿಂದೆ ಪೈಪಿನ ಶಿಳ್ಳೆ ಕೇಳುತ್ತಿತ್ತು. ಬೇರೆ ಯಾವ ಸದ್ದೂ ಇರಲಿಲ್ಲ. ಸೇಫ್ಟಿ ವಾಲ್ವ್ ಬಿಟ್ಟುಕೊಂಡಿದ್ದರೆ ಮಾತೇ ಕೇಳಿಸುತ್ತಿರಲಿಲ್ಲ.

"ವಾಲ್ವ್ ಯಾಕೆ ಸುಮ್ಮನಿದೆ ಮುಂಡಪ್ಪಣ್ಣ?"

"ಬೆಳಿಗ್ಗೆ ಪುನಃ ಉಗುಳ್ಲಿಕ್ಕೆ ಶುರು ಮಾಡಿತು ಮಾರಾಯ್ತಿ. ನೀನು ತೆಗೆದಿಟ್ಟ ಕಲ್ಲಿನ ಜೋಡಿ ಇನ್ನೊಂದು ಉಂಟಲ್ಲ, ಅದನ್ನು ಕಟ್ಟಿದೆ. ಈಗ ಗಪ್‌ಚುಪ್."

"ಮುಂಡಪ್ಪಣ್ಣ! ಸ್ಟೀಮ್ ಬಂದ್ ಮಾಡಿ! ಬಂದ್ ಮಾಡ್ಲಿಕ್ಕೂ ನಿಲ್ಬೇಡಿ, ಹೊರಗೆ ಬನ್ನಿ, ಎಲ್ಲರನ್ನೂ ಹೊರಗೆ ಕರ್ಕೊಂಡು—"

"ಹಲೋ? ಮಗಾ? ಕೇಳುದಿಲ್ಲ, ಸ್ವಲ್ಪ ಗಟ್ಟಿ ಹೇಳು—"

ಮುಂಬ್ರಾದ ಗುಡ್ಡದ ಬುಡದಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು, ಹೋಗಲಿಲ್ಲ. ಶೈಲೇಶಣ್ಣನಿಗೆ ಮಾಡಿದಳು, ಅದೂ ಇಲ್ಲ. ಡಬ್ಬದ ಹೆಂಗಸರು ಏನಾಯಿತೆಂದು ಮರಾಠಿಯಲ್ಲಿ ಕೇಳಿದರು, ಒಬ್ಬಳು ನೀರಿನ ಬಾಟಲಿ ಚಾಚಿದಳು. ದಿವಾ ಬರುವಾಗ ಲೈನ್ ಸಿಕ್ಕಿತು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಕೋಪರ್ ದಾಟುವಾಗ ಧಡ್ ಎಂದು ಒಂದು ಸದ್ದು ಬಂದು ಕಿಟಕಿಯ ಕಬ್ಬಿಣ ಅವಳ ಕೈಯಡಿಯಲ್ಲಿ ನಡುಗಿತು. ಬಾಗಿಲಲ್ಲಿ ನಿಂತಿದ್ದವಳೊಬ್ಬಳು ಡೊಂಬಿವಲಿಯ ಕಡೆ ಕೈತೋರಿಸಿ ಕೂಗಿದಳು. ಜಯಲತಾ ಆ ಕಡೆ ನೋಡಲಿಲ್ಲ, ಅವಳಿಗೆ ನೋಡುವ ಅಗತ್ಯವೂ ಇರಲಿಲ್ಲ.

ಮೂವರು ಸತ್ತರು. ಇಬ್ಬರು ಬಿಹಾರದ ಹುಡುಗರು, ಒಬ್ಬ ಮುಂಡಪ್ಪ. ಅವನು ಹೊರಗೆ ಓಡಿರಲಿಲ್ಲ. ಬದುಕಿದವರು ಹೇಳಿದ ಪ್ರಕಾರ, ಕಟ್ಟಾದ ಫೋನು ಮತ್ತೆ ರಿಂಗಾದಾಗ ಕಿಸೆಯಿಂದ ತೆಗೆಯಲು ಗ್ಲವ್ಸ್ ಬಿಚ್ಚುತ್ತ ಅಲ್ಲೇ ನಿಂತಿದ್ದ. ಆಡಿಟ್ ಮುಗಿದ ಮೇಲೂ ಅವತ್ತು ಗ್ಲವ್ಸ್ ಹಾಕಿಕೊಂಡವನು ಅವನೊಬ್ಬನೇ, ಹಿಂದಿನ ದಿನ ಜಯಲತಾ ಗದರಿಸಿದ್ದಳಲ್ಲ ಎಂದು.

ರಿಯಾಕ್ಟರಿದ್ದ ಶೆಡ್ಡು ಹೋಯಿತು. ಅಂಗಳದ ಈಚೆಗಿನ ಆಫೀಸಿನ ಗಾಜುಗಳೆಲ್ಲ ಉದುರಿ ಗೋಡೆಗಳು ಉಳಿದವು, ಕಬ್ಬಿಣದ ಕಪಾಟೂ ಉಳಿಯಿತು. ಸೋಮವಾರ ವಿಚಾರಣೆಯ ಅಧಿಕಾರಿ ಅದೇ ಆಫೀಸಿನಲ್ಲಿ ಮೇಜು ಹಾಕಿ ಕೂತರು. ಅವರೆದುರು ದಿಲೀಪ ಸರ್ ಕೊಟ್ಟ ವರದಿಯ ಪ್ರತಿ, ಬ್ಯಾಚಿನ ರಿಜಿಸ್ಟರ್, ಮತ್ತು ಕಪಾಟಿನಿಂದ ತೆಗೆದ ಗೇಜು, ಇನ್ನೂ ಕೆಂಪಂಚಿನ ಬೈರಾಸಿನಲ್ಲೇ ಸುತ್ತಿಕೊಂಡು. ಗೋಡೆಗೆ ಒರಗಿದ ಬೆಂಚಿನ ಮೇಲೆ ಮುಂಡಪ್ಪನ ಹೆಂಡತಿ ಅಕ್ಕು ಕೂತಿದ್ದಳು. ಕಲ್ಯಾಣದ ಚಾಳಿನಿಂದ ಪಕ್ಕದ ಮನೆಯವರು ರಿಕ್ಷಾದಲ್ಲಿ ಕರೆತಂದಿದ್ದರು.

ಒಳಗೆ ಬರುವ ಮೊದಲು ಶೈಲೇಶಣ್ಣ ಬಾಗಿಲಲ್ಲಿ ಜಯಲತಾಳನ್ನು ತಡೆದರು. ಮೂರು ದಿನದಲ್ಲಿ ಹತ್ತು ವರ್ಷ ಮುದುಕರಾದಂತಿದ್ದರು. "ರಿಜಿಸ್ಟರಿನಲ್ಲಿ ನಾಲ್ಕು ಅಂತ ಉಂಟು. ಆಡಿಟರೂ ನಾಲ್ಕು ಅಂತಲೇ ಬರೆದದ್ದು. ಅದನ್ನೇ ಹೇಳು, ಸಾಕು. ಮುಂಡಪ್ಪ ಕಲ್ಲು ಕಟ್ಟಿದ್ದನ್ನು ಹೇಳಿ ಸತ್ತವರ ಹೆಸರು ಹಾಳು ಮಾಡುದು ಯಾಕೆ ಹೇಳು?"

ಅವಳು ತನ್ನ ಮೇಜಿಗೆ ಹೋಗಿ ಡ್ರಾಯರಿನ ಬೀಗ ತೆಗೆದಳು.

"ಗುರುವಾರ ನೀವು ಅಲ್ಲೇ ಇದ್ದಿರಂತೆ," ಎಂದರು ಅಧಿಕಾರಿ. "ಮುಳ್ಳು ಎಷ್ಟರ ಮೇಲಿತ್ತು?"

ಜಯಲತಾ ತೂಕದ ಕಲ್ಲನ್ನು ಮೇಜಿನ ಮೇಲಿಟ್ಟಳು. ಗಾಜಿನ ಚೂರುಗಳು ಅದರಡಿ ಕರಕರ ಎಂದವು.

"ಏಳು," ಎಂದಳು. "ಮುಂಡಪ್ಪಣ್ಣ ನಾಲ್ಕು ಅಂದ್ರು. ಅವರ ದಿನದ ಗೇಜು ಅವರಿಗೆ ತೋರಿಸ್ತಿದ್ದದ್ದೇ ನಾಲ್ಕು. ಸರಿಯಾದ ಗೇಜನ್ನು ಕಪಾಟಿನಲ್ಲಿ ಇಡಿ ಅಂತ ಮೂರು ವರ್ಷದ ಹಿಂದೆ ಹೇಳಿದ್ದು ನಾನು. ಗುರುವಾರ ಏಳು ಕಂಡದ್ದೂ ನನಗೆ. ಸ್ಟೀಮ್ ಇಳಿಸ್ಲಿಕ್ಕೆ ಹೇಳಿ, ಸೇಫ್ಟಿ ವಾಲ್ವಿಗೆ ಕಟ್ಟಿದ್ದ ಈ ಕಲ್ಲು ಬಿಚ್ಚಿದೆ, ಆಡಿಟರ್ ಎದುರು ಮಾತ್ರ ಸುಮ್ಮನಿದ್ದೆ. ಸಂಜೆ ಆಡಿಟರ್ ಏನಾದ್ರೂ ಹೇಳುವುದಿದೆಯಾ ಅಂತ ಕೇಳಿದ್ರು, ಇಲ್ಲ ಅಂದೆ."

ಶೈಲೇಶಣ್ಣ ಕುರ್ಚಿ ಹುಡುಕಿ ಕೂತರು. ಅಧಿಕಾರಿ ಬರೆಯತೊಡಗಿದರು. ಅಕ್ಕು ಬೆಂಚಿನಿಂದ ಎದ್ದು ನಿಧಾನವಾಗಿ ಮೇಜಿನ ಬಳಿ ಬಂದಳು, ಬೈರಾಸಿನ ಗಂಟು ಬಿಚ್ಚಿ ಗೇಜನ್ನು ಹೊರಗಿಟ್ಟಳು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ, ಹಸಿರು ಸ್ಟಿಕ್ಕರ್ ಹೊಸದರಂತೆ ಹೊಳೆಯುತ್ತಿತ್ತು. ಬೈರಾಸನ್ನು ಮಾತ್ರ ನಾಲ್ಕು ಮಡಿಕೆ ಮಾಡಿ ಎದೆಗೆ ಒತ್ತಿಕೊಂಡಳು.

"ಹಳೆ ಗೇಜು ಪುನಃ ಹಾಕ್ಬೇಡಿ ಅಂತ ನೀನು ಒಂದು ಮಾತು ಹೇಳಿದ್ರೆ ಅವರು ಕೇಳ್ತಿದ್ರು ಮಗಾ," ಎಂದಳು. "ನಿನ್ನ ಮಾತು ಅಂದ್ರೆ ಅವರಿಗೆ ಆಣೆಯ ಹಾಗೆ. ಆ ಆಡಿಟರಿಗೂ ಯಾಕೆ ಹೇಳ್ಲಿಲ್ಲ ನೀನು?"